ಅದಕ್ಕೂ ಮೊದಲು ನಮ್ಮವರು ಯಾಕೆ ಬರಲಿಲ್ಲ?

ಕಳೆದ ಭಾನುವಾರ ಇಲ್ಲಿ ಅಮೆರಿಕದ ನಮ್ಮ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ವಂಶವೃಕ್ಷ ಬಿಡಿಸುವ ಕೆಲಸ ಕೊಟ್ಟಿದ್ದೆವು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅಜ್ಜನ ಹೆಸರಿನ ಕೆಳಗೆ ‘ಹಾಸನದಿಂದ ಅಮೆರಿಕಕ್ಕೆ, 1969’ ಎಂದು ಬರೆದಳು. ಪೆನ್ಸಿಲ್ ಕೆಳಗಿಟ್ಟು ಕೇಳಿದಳು: “ಅದಕ್ಕೂ ಮೊದಲು ನಮ್ಮವರು ಯಾಕೆ ಬರಲಿಲ್ಲ?”

ಸುತ್ತ ಕೂತಿದ್ದ ನಾವು ದೊಡ್ಡವರು ವಿಮಾನದ ಖರ್ಚು, ದುಡ್ಡಿನ ಕಷ್ಟ ಅಂತೆಲ್ಲ ಹೇಳಿದೆವು. ಬರೋಕೆ ಬಿಡುತ್ತಿರಲಿಲ್ಲ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಅಮೆರಿಕದ 1917ರ ವಲಸೆ ಕಾನೂನು ಭಾರತವೂ ಸೇರಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತ್ತು. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆದರೂ ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. 1946ರಲ್ಲಿ ಬಾಗಿಲು ಚೂರು ತೆರೆಯಿತು. ಇಡೀ ಭಾರತಕ್ಕೆ ವರ್ಷಕ್ಕೆ 100 ಜನ! ನಮ್ಮ ಕೂಟದ ಯುಗಾದಿ ಊಟಕ್ಕೇ ಅದಕ್ಕಿಂತ ಜಾಸ್ತಿ ಎಲೆ ಹಾಕುತ್ತೇವೆ.

ಈ ಲೆಕ್ಕ ಬದಲಾದದ್ದು 1965ರಲ್ಲಿ. ಆ ವರ್ಷ ಮಾರ್ಚ್ 7ರಂದು ಕಪ್ಪು ಜನರ ಮತದಾನದ ಹಕ್ಕಿಗಾಗಿ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆ ದಾಟಲು ಹೊರಟವರನ್ನು ಪೊಲೀಸರು ಲಾಠಿಯಲ್ಲಿ ಬಡಿದರು. ಮುಂದೆ ನಿಂತು ನಡೆಸುತ್ತಿದ್ದ 25 ವರ್ಷದ ಕಪ್ಪು ಹೋರಾಟಗಾರ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು ಬಂತು. ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕೂತು ನಮ್ಮಂಥವರಿಗೂ ಬಾಗಿಲು ತೆರೆದ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಆ ಜನ ಏಟು ತಿಂದು ದೇಶದ ಮನಸ್ಸು ಬದಲಿಸದಿದ್ದರೆ ಈ ಸಹಿ ಬೀಳುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ. ‘ಓದಿದೆವು, ಕಷ್ಟಪಟ್ಟೆವು, ಬಂದೆವು’ ಎನ್ನುತ್ತೇವಲ್ಲ, ಅದು ಸುಳ್ಳಲ್ಲ. ಆದರೆ ಅರ್ಧ ಕಥೆ. ಮಕ್ಕಳಿಗೆ ಅಷ್ಟೇ ಹೇಳಿ ಸುಮ್ಮನಾಗೋದು ಸರಿಯಲ್ಲ, ಅಲ್ವಾ?

ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರಸಂಗವನ್ನಂತೂ ಹೇಳಲೇಬೇಕು. 1941ರಲ್ಲಿ ಅವರು ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಬಿಳಿಯರ ಬೋಗಿ ಬಿಟ್ಟು ಏಳಿ ಎಂದು ಟಿಕೆಟ್ ಕಲೆಕ್ಟರ್ ಬಂದ. ಏಳಲಿಲ್ಲ. ಯಾವ ದೇಶದವರು ಎಂದು ಕೆದಕಿದ. ಭಾರತದವಳು ಎಂದಿದ್ದರೆ ಸಾಕಿತ್ತೇನೋ. ಅವರು ಹಾಗೆ ತಪ್ಪಿಸಿಕೊಳ್ಳಲಿಲ್ಲ. ನಾನೂ ಬಿಳಿಯಳಲ್ಲದ ಹೆಂಗಸೇ, ಇಲ್ಲಿಂದ ಕದಲೋದಿಲ್ಲ ಎಂದರು. ಅಲಬಾಮಾದ ಮಾಂಟ್ಗೊಮರಿಯ ಬಸ್ಸಿನಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರಿಗಾಗಿ ಸೀಟು ಬಿಟ್ಟು ಏಳದೆ ಕೂತದ್ದು ಅದಾಗಿ 14 ವರ್ಷಕ್ಕೆ.

ಮುಂದಿನ ತಿಂಗಳ ತರಗತಿಗೆ 1965ರ ಕಾನೂನಿನ ಕಾಲದಲ್ಲಿ ಬಂದ ಹಿರಿಯರನ್ನು ಕರೆದಿದ್ದೇವೆ. ಹಳೇ ಪಾಸ್‌ಪೋರ್ಟ್, ಊರಿಂದ ಬಂದ ಕಾಗದ, ಏನಿದ್ದರೂ ತನ್ನಿ. ಬಣ್ಣ ನೋಡಿ ಬಾಡಿಗೆಗೆ ಮನೆ ಕೊಡದೆ ಕಳಿಸಿದ ಕಥೆಯಿದ್ದರೆ ಅದನ್ನೂ ಮಕ್ಕಳ ಮುಂದೆ ಹೇಳಿ. ಆ ಹುಡುಗಿ ತನ್ನ ಹಾಳೆಯಲ್ಲಿ 1969ರ ಮೇಲೆ ಜಾಗ ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದಾಳೆ.