ಮಾವನ ಮೊಣಕಾಲು, ಅಲಾಸ್ಕಾದ ಹಡಗು

ಸಂಕ್ರಾಂತಿ ಸಂಚಿಕೆಯ ಸಂಪಾದಕೀಯ ಎಳ್ಳು-ಬೆಲ್ಲದಿಂದಲೇ ಶುರುವಾಗಬೇಕು ಎಂಬ ಸಿಯಾಟಲ್‌ನ ನಮ್ಮ ಕನ್ನಡ ಸಂಘದ ಅಲಿಖಿತ ನಿಯಮವನ್ನು ಈ ಸಲ ಮುರಿಯುತ್ತಿದ್ದೇನೆ. ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ಬಿಸಿಬೇಳೆಭಾತ್ ತಟ್ಟೆಗೆ ಬೀಳುವಷ್ಟರಲ್ಲಿ ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದರು: "ನೀವು ಅಲಾಸ್ಕಾ ಕ್ರೂಸ್‌ಗೆ ಹೋಗಿದ್ರಂತಲ್ಲ, ಯಾವ ಹಡಗು ಒಳ್ಳೇದು?" ಬೇಸಿಗೆಯಲ್ಲಿ ಊರಿಂದ ಅಪ್ಪ-ಅಮ್ಮ ಬರುತ್ತಾರೆ, ಮಕ್ಕಳಿಗೆ ರಜೆ, ಸಿಯಾಟಲ್‌ನಲ್ಲೇ ಇದ್ದುಕೊಂಡು ಮನೆಬಾಗಿಲಿಂದ ಹೊರಡುವ ಹಡಗು ಹತ್ತದೇ ಇರುವುದು ಹೇಗೆ? ಕ್ರೂಸ್ ಕಂಪನಿಗಳು ಜೋರಾಗಿ ರಿಯಾಯಿತಿ ಕೂಗುವುದೂ ಜನವರಿಯಿಂದ ಮಾರ್ಚ್‌ವರೆಗೆ. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಇಲ್ಲಿ ಉತ್ತರ ಬರೆದುಬಿಡುತ್ತೇನೆ. ಯುಗಾದಿ ಊಟವನ್ನಾದರೂ ಬಿಸಿಯಾಗಿ ತಿನ್ನಬಹುದು.

ಹಡಗನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು ಅಂತ. ಆಮೇಲೆ ಹಡಗು ಯಾವ ದಾರಿಯಲ್ಲಿ ಹೋಗುತ್ತದೆ ಅಂತ. ನೀರಿನ ಜಾರುಬಂಡೆ, ಗೋ-ಕಾರ್ಟ್, ಹತ್ತಾರು ರೆಸ್ಟೋರೆಂಟು ಇವೆಲ್ಲ ಮೆಕ್ಸಿಕೋ ಕಡೆಗೆ ಹೋಗುವ ಹಡಗಿನಲ್ಲೂ ಸಿಗುತ್ತವೆ. ಹಿಮನದಿ ಅಲ್ಲಿ ಸಿಗುವುದಿಲ್ಲ.

ನಾವು ಆರು ಜನ. ನಾನು, ಇವರು, ಹದಿಮೂರರ ಮಗಳು, ಏಳರ ಮಗ, ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ, ರೈಲ್ವೆಯಲ್ಲಿ ಮೂವತ್ತೈದು ವರ್ಷ ದುಡಿದು ಅರಸೀಕೆರೆಯಲ್ಲಿ ನಿವೃತ್ತರಾದ ಮಾವ. ಮಾವನ ಎಡ ಮೊಣಕಾಲಿಗೆ ಆಪರೇಷನ್ ಆಗಿ ಒಂದೂವರೆ ವರ್ಷವಾಗಿತ್ತು. ಪ್ರವಾಸದ ಎಲ್ಲ ತೀರ್ಮಾನವೂ ಆ ಮೊಣಕಾಲಿನದೇ.

ದಾರಿಗೂ ಮೊದಲು ಕಾಗದಪತ್ರದ ವಿಷಯ. ಇಲ್ಲಿ ಎಡವಿದರೆ ಉಳಿದದ್ದೆಲ್ಲ ನೀರುಪಾಲು. ಅಮೆರಿಕದಲ್ಲಿ 1886ರ ಒಂದು ಕಾನೂನು ಇನ್ನೂ ಜಾರಿಯಲ್ಲಿದೆ. ವಿದೇಶಿ ಬಾವುಟದ ಹಡಗು ಇಲ್ಲಿನ ಬಂದರಿನಿಂದ ಜನರನ್ನು ಹತ್ತಿಸಿಕೊಂಡು ಇಲ್ಲಿನ ಬಂದರುಗಳನ್ನಷ್ಟೇ ಸುತ್ತಿಸಿ ಇಳಿಸುವ ಹಾಗಿಲ್ಲ, ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ಬಹಾಮಾಸ್, ಪನಾಮಾ, ಬರ್ಮುಡಾದಂಥ ಕಡೆಗಳ ಬಾವುಟದವು. ಸಿಯಾಟಲ್‌ನ ಹಡಗು ಯಾವುದೋ ಒಂದು ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಾಲ್ಕೈದು ಗಂಟೆ ನಿಲ್ಲುವುದು ಅದಕ್ಕೇ. ಆ ನಾಲ್ಕು ಗಂಟೆಗಾಗಿ ಭಾರತೀಯ ಪಾಸ್‌ಪೋರ್ಟಿನ ಅಪ್ಪ-ಅಮ್ಮನಿಗೆ ಕೆನಡಾ ವೀಸಾ ಬೇಕು. "ನಾವು ಅಲ್ಲಿ ಇಳಿಯೋದೇ ಇಲ್ಲ" ಅಂದರೆ ಕೇಳುವುದಿಲ್ಲ, ಹಡಗು ಹತ್ತುವಾಗಲೇ ತೋರಿಸಬೇಕು. ಎಚ್-1ಬಿ ಇರುವವರಿಗೂ ಬೇಕು. ಗ್ರೀನ್ ಕಾರ್ಡ್ ಇದ್ದರೆ ಕಾರ್ಡು, ಪಾಸ್‌ಪೋರ್ಟು ಸಾಕು. ಜೊತೆಗೆ ಅಪ್ಪ-ಅಮ್ಮನ ಅಮೆರಿಕ ವೀಸಾ ಒಂದೇ ಪ್ರವೇಶದ್ದಾಗಿರಬಾರದು. ನಮ್ಮ ಸಂಘದ್ದೇ ಒಂದು ಕುಟುಂಬ ಎರಡು ವರ್ಷದ ಹಿಂದೆ ಇದನ್ನು ಗಮನಿಸದೆ ಹೋಗಿ, ಟರ್ಮಿನಲ್‌ನಲ್ಲಿ ಅಜ್ಜಿ-ತಾತನನ್ನು ತಡೆದಾಗ ಅರ್ಧ ಮನೆ ಹಡಗಿನಲ್ಲಿ, ಅರ್ಧ ಮನೆ ಟ್ಯಾಕ್ಸಿಯಲ್ಲಿ. ಕೆನಡಾ ವೀಸಾಕ್ಕೆ ಬೆರಳಚ್ಚು, ಕಾಯುವುದು ಎಲ್ಲ ಸೇರಿ ಹಲವು ವಾರ ಹಿಡಿಯುತ್ತದೆ. ಊರಿಂದ ಹೊರಡುವ ಮೊದಲೇ ಮುಗಿಸಿಕೊಂಡರೆ ವಾಸಿ.

ವೀಸಾ ಹೇಗೂ ಮಾಡಿಸುತ್ತೀರಿ ಅಂದಮೇಲೆ ವ್ಯಾಂಕೂವರ್‌ನಿಂದಲೇ ಯಾಕೆ ಹೊರಡಬಾರದು? ಸಿಯಾಟಲ್‌ನ ದೊಡ್ಡ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ವ್ಯಾಂಕೂವರ್‌ನ ಹಡಗುಗಳು ದ್ವೀಪಕ್ಕೂ ನೆಲಕ್ಕೂ ನಡುವಿನ ಕಿರಿದಾದ ನೀರುದಾರಿಯಲ್ಲಿ, ಎರಡೂ ಕಡೆ ಕಾಡು ನೋಡಿಕೊಂಡು ಸಾಗುತ್ತವೆ. ಆ ದಾರಿಯ ಸೆಮೋರ್ ನ್ಯಾರೋಸ್ ಎಂಬ ಇಕ್ಕಟ್ಟಿನಲ್ಲಿ ನೀರಿನಡಿ ಒಂದು ಬಂಡೆಯಿತ್ತು. ಎಷ್ಟೋ ಹಡಗು ಒಡೆದ ಆ ಬಂಡೆಯನ್ನು 1958ರಲ್ಲಿ ಸಿಡಿಮದ್ದು ತುಂಬಿ ಹಾರಿಸಿದರು. ನನ್ನ ಅಮ್ಮ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನೂ ನಿಂಬೆಹಣ್ಣು ಮೂಸುತ್ತಲೇ ಇಳಿಯುವವಳು. ತೆರೆದ ಕಡಲು ನಮಗೆ ಆಗಿಬರುವ ಮಾತಲ್ಲ. ಗಡಿ ದಾಟಿ ಮೂರು ಗಂಟೆ ಕಾರು ಓಡಿಸುವುದೇ ಮೇಲು ಅನ್ನಿಸಿತು. ವ್ಯಾಂಕೂವರ್‌ನ ಟರ್ಮಿನಲ್‌ನಲ್ಲಿ ಅಮೆರಿಕದ ಇಮಿಗ್ರೇಷನ್ ಸಾಲು ಹನುಮಂತನ ಬಾಲ. ಗಾಲಿಕುರ್ಚಿಗೆ ಮೊದಲೇ ಹೇಳಿಟ್ಟಿದ್ದೆವು. ಮಾವ ಮೊದಲು ಮುಖ ಗಂಟಿಕ್ಕಿದರು. ಸಾಲಿನ ಉದ್ದ ನೋಡಿದ ಮೇಲೆ ಅವರಾಗಿಯೇ ಕೂತರು.

ಇನ್ನು ಹಿಮನದಿ. ಜಾಹೀರಾತಿನಲ್ಲಿ ಎಲ್ಲ ಹಡಗುಗಳೂ ಹಿಮನದಿ ತೋರಿಸುತ್ತವೆ. ಯಾವ ಹಿಮನದಿ ಎಂದು ಕೇಳುವವರು ಕಡಿಮೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಆ ಅನುಮತಿಯ ಹೆಚ್ಚಿನ ಪಾಲು ಇರುವುದು ಹಾಲೆಂಡ್ ಅಮೆರಿಕ, ಪ್ರಿನ್ಸೆಸ್, ನಾರ್ವೇಜಿಯನ್ ಕಂಪನಿಗಳ ಬಳಿ. ಉಳಿದವು ಹಬ್ಬರ್ಡ್ ಹಿಮನದಿಗೋ ಎಂಡಿಕಾಟ್ ಆರ್ಮ್ ಎಂಬ ಕಿರಿದಾದ ಕಡಲತೋಳಿಗೋ ಹೋಗುತ್ತವೆ. ಟ್ರೇಸಿ ಆರ್ಮ್ ಎಂದು ಹಳೆಯ ಪ್ರವಾಸಪಟ್ಟಿಗಳಲ್ಲಿ ಕಂಡರೆ ಒಂದು ಸಲ ವಿಚಾರಿಸಿ. 2025ರ ಆಗಸ್ಟ್‌ನಲ್ಲಿ ಅಲ್ಲಿ ದೊಡ್ಡ ಗುಡ್ಡಕುಸಿತವಾಗಿ ನೀರು ದಡದ ಮೇಲೆ ಬಹಳ ಎತ್ತರಕ್ಕೆ ಅಪ್ಪಳಿಸಿತ್ತು. ಇಂಥ ಇಕ್ಕಟ್ಟಾದ ಜಾಗಗಳಲ್ಲಿ ಮಂಜುಗಡ್ಡೆ ಹೆಚ್ಚಿದ್ದರೆ ದೊಡ್ಡ ಹಡಗು ದೂರದಿಂದಲೇ ತಿರುಗುವುದೂ ಉಂಟು. ಹಬ್ಬರ್ಡ್ ಬೇರೆ ಜಾತಿಯದು. ಆರು ಮೈಲಿಗೂ ಹೆಚ್ಚು ಅಗಲದ ಮುಖ, ಉಳಿದ ಹಿಮನದಿಗಳಲ್ಲಿ ಹೆಚ್ಚಿನವು ಹಿಂದೆ ಸರಿಯುತ್ತಿದ್ದರೆ ಇದು ಮುಂದಕ್ಕೆ ಬರುತ್ತಿದೆ. 1986ರಲ್ಲೂ 2002ರಲ್ಲೂ ಪಕ್ಕದ ಕಡಲತೋಳಿನ ಬಾಯನ್ನೇ ಮುಚ್ಚಿಬಿಟ್ಟಿತ್ತು.

ನಾವು ಗ್ಲೇಸಿಯರ್ ಬೇ ಆರಿಸಿಕೊಂಡೆವು. ಬೆಳಗ್ಗೆ ಉದ್ಯಾನದ ರೇಂಜರ್‌ಗಳು ಪುಟ್ಟ ದೋಣಿಯಲ್ಲಿ ಬಂದು ಹಡಗು ಹತ್ತಿದರು. ಇಡೀ ದಿನ ಮೈಕಿನಲ್ಲಿ ಅವರದೇ ಮಾತು. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ಜನ ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲ, ಬಾಯಲ್ಲೇ ಹಿಮದ ಗೋಡೆ. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವಷ್ಟರಲ್ಲಿ ಗೋಡೆ ನಲವತ್ತು ಮೈಲಿಗೂ ಹೆಚ್ಚು ಹಿಂದೆ ಹೋಗಿತ್ತು. ಈಗ ನೀರೇ ಸುಮಾರು 65 ಮೈಲಿ ಒಳಕ್ಕೆ ಚಾಚಿದೆ. ಆ ಹಿಮ ಅದಕ್ಕೂ ಹಿಂದೆ ಮುಂದೊತ್ತಿ ಬಂದಾಗ ಅಲ್ಲಿದ್ದ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನ ಊರು ಬಿಟ್ಟು ಓಡಬೇಕಾಯಿತು. ಆಮೇಲೆ ಅವರು ನೆಲೆಸಿದ ಊರು ಹೂನಾ. ಹಡಗು ಮಾರ್ಜರಿ ಹಿಮನದಿಯ ಮುಂದೆ ನಿಂತಿತು. ನೀರಿನ ಮೇಲೆ 250 ಅಡಿ ಎತ್ತರದ ಗೋಡೆ, ಒಂದು ಮೈಲಿ ಅಗಲ. ಹಡಗು ನಿಧಾನ ತಿರುಗಿ ಎರಡೂ ಬದಿಗೆ ತೋರಿಸುವುದರಿಂದ "ಯಾವ ಕಡೆ ರೂಮು ತಗೊಳ್ಳೋಣ" ಎಂದು ತಲೆ ಕೆಡಿಸಿಕೊಳ್ಳಬೇಡಿ. ಒಂದು ತುಂಡು ಕಳಚಿತು. ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಮಳೆಗಾಲದಲ್ಲಿ ಗುಡ್ಡದಾಚೆ ಗುಡುಗಿದ ಹಾಗೆ. ನನ್ನ ಮಗ, ಹಡಗಿನಲ್ಲಿ ಗೇಮ್ ರೂಮ್ ಬಿಟ್ಟು ಹೊರಗೆ ಬಾರದಿದ್ದವನು, ಎರಡು ಗಂಟೆ ಕಟಕಟೆ ಹಿಡಿದು ನಿಂತ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ ಎಂಬುದೂ ಸ್ವಲ್ಪ ನೆರವಾಯಿತು ಅನ್ನಿ.

ತಿಂಗಳು ಯಾವುದು? ಮೇ ತಿಂಗಳಲ್ಲಿ ಮಳೆ ಕಡಿಮೆ, ದರವೂ ಕಡಿಮೆ, ಆದರೆ ಮಕ್ಕಳಿಗೆ ಶಾಲೆ. ಜೂನ್ ಕೊನೆಗೆ ಹಗಲೇ ಹದಿನೆಂಟು ಗಂಟೆ. ಸಾಲ್ಮನ್ ಮೀನು ಹೊಳೆ ಹತ್ತುವುದನ್ನೂ ಅದರ ಹಿಂದೆ ಬರುವ ಕರಡಿಯನ್ನೂ ನೋಡಬೇಕೆಂದರೆ ಜುಲೈ ಕೊನೆ, ಆಗಸ್ಟ್. ಸೆಪ್ಟೆಂಬರ್ ಅಗ್ಗ, ಆದರೆ ಜಡಿಮಳೆ.

ಕ್ಯಾಬಿನ್ ಬಗ್ಗೆ ಒಂದೇ ಉಪಾಯ ಹೇಳುತ್ತೇನೆ. ಎಲ್ಲರಿಗೂ ಬಾಲ್ಕನಿ ಬೇಡ. ಹಿರಿಯರಿಗೆ, ಮಕ್ಕಳಿಗೆ ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಬಾಲ್ಕನಿ ರೂಮು (ಅಲ್ಲಿ ಓಲಾಟ ಕಡಿಮೆ), ಎದುರಿಗೆ ಕಿಟಕಿಯಿಲ್ಲದ ಅಗ್ಗದ ರೂಮು ನಿಮಗೆ. ರಾತ್ರಿ ಹತ್ತಕ್ಕೂ ಬೆಳಕಿರುವ ಊರಲ್ಲಿ ಕತ್ತಲೆ ರೂಮು ಪುಣ್ಯ. ಊಟಕ್ಕೆ, ಬುಕ್ ಮಾಡಿದ ಕೂಡಲೇ ಭಾರತೀಯ ಸಸ್ಯಾಹಾರ ಎಂದು ಬರೆಸಿ. ಮೊದಲ ರಾತ್ರಿಯೇ ಹೆಡ್ ವೇಟರನ್ನು ಕಂಡು ಇನ್ನೊಮ್ಮೆ ಹೇಳಿ. ನಮ್ಮ ಮೇಜಿಗೆ ಸಿಕ್ಕವನು ಮಂಗಳೂರಿನ ಹುಡುಗ. ಅಮ್ಮನನ್ನು "ಅಮ್ಮಾ" ಅಂದದ್ದೇ ತಡ, ಮಾರನೆಯ ದಿನದಿಂದ ಸಪ್ಪೆ ಪನೀರಿನ ಜಾಗಕ್ಕೆ ಹುರುಳಿಕಾಯಿ ಪಲ್ಯ ಬಂತು. ಉಪ್ಪಿನಕಾಯಿಯನ್ನು ಅಮ್ಮ ತಂದೇ ತಂದಿದ್ದಳು.

ದಡದ ಪ್ರವಾಸಗಳಲ್ಲೇ ದುಡ್ಡು ಸೋರುವುದು. ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲಿಳಿದು ನಾಯಿಗಾಡಿ ಓಡಿಸುವುದು ಚೆಂದವೇ ಇರಬಹುದು. ಆರು ಜನರ ಲೆಕ್ಕ ಹಾಕಿದಾಗ ಊರಿಗೆ ಹೋಗಿಬರುವ ವಿಮಾನದ ಟಿಕೆಟ್ ನೆನಪಾಗಿ ಕೈಬಿಟ್ಟೆವು. ಮೋಡ ಕವಿದರೆ ರದ್ದಾಗುವುದೂ ಅದೇ ಮೊದಲು. ನಮ್ಮ ಸೂತ್ರ: ಮೂರು ಬಂದರಿದ್ದರೆ ಎರಡಕ್ಕೆ ಹಣ, ಒಂದು ಖಾಲಿ.

ಜುನೋದಲ್ಲಿ ತಿಮಿಂಗಿಲ. ಚಳಿಗಾಲವನ್ನು ಹವಾಯಿಯಲ್ಲಿ ಕಳೆಯುವ ಹಂಪ್‌ಬ್ಯಾಕ್‌ಗಳು ಬೇಸಿಗೆಯಲ್ಲಿ ಮೇಯಲು ಇಲ್ಲಿಗೆ ಬರುತ್ತವೆ. ಮುಚ್ಚಿದ, ಬೆಚ್ಚಗಿನ, ಶೌಚಾಲಯ ಇರುವ ದೋಣಿ ಆರಿಸಿ. ಈ ಮೂರನೆಯದನ್ನು ಫೋಟೋ ನೋಡುವ ಭರದಲ್ಲಿ ಮರೆಯಬೇಡಿ. ಅದೇ ಟಿಕೆಟ್ಟಿನಲ್ಲಿ ಮೆಂಡೆನ್‌ಹಾಲ್ ಹಿಮನದಿಯೂ ಸೇರಿತ್ತು. ಅಲ್ಲಿ ಫೋಟೋ ಪಾಯಿಂಟ್‌ವರೆಗೆ ಗಾಲಿಕುರ್ಚಿ ಹೋಗುವಂಥ ಸಪಾಟು ದಾರಿಯಿದೆ. ಮಾವ, ಅಮ್ಮ ಅಲ್ಲಿ ಕೂತರು, ನಾವು ಮಕ್ಕಳೊಂದಿಗೆ ಒಂದು ಮೈಲಿ ಮುಂದಿನ ನಗೆಟ್ ಜಲಪಾತಕ್ಕೆ ಹೋಗಿಬಂದೆವು. ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಸುಮಾರು 32,000 ಜನರ ರಾಜಧಾನಿ. ಹಡಗುಗಳ ನೂಕುನುಗ್ಗಲು ತಾಳಲಾರದೆ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದು ಮಿತಿ ಹಾಕಿಕೊಂಡಿದ್ದಾರೆ. ಐದೂ ಬರುವ ದಿನಕ್ಕಿಂತ ಮೂರು ಬರುವ ದಿನ ಒಳ್ಳೆಯದು. ಬುಕ್ ಮಾಡುವ ಮೊದಲೇ ಬಂದರಿನ ವೇಳಾಪಟ್ಟಿ ನೋಡಬಹುದು.

ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲು. ಇದು ಮಾವನ ದಿನ. 1897ರಲ್ಲಿ ಗಡಿಯಾಚೆ ಕೆನಡಾದ ಕ್ಲಾಂಡೈಕ್‌ನ ಚಿನ್ನಕ್ಕಾಗಿ ಜನ ನುಗ್ಗಿದ ಹುಚ್ಚಿನಲ್ಲಿ ಇಲ್ಲಿ ಗುಡ್ಡ ಹತ್ತಿದವರು ಒಬ್ಬೊಬ್ಬರೂ ವರ್ಷಕ್ಕಾಗುವಷ್ಟು, ಸುಮಾರು ಒಂದು ಟನ್, ಸಾಮಾನು ಹೊರಬೇಕಿತ್ತು. ಇಲ್ಲದಿದ್ದರೆ ಕೆನಡಾ ಪೊಲೀಸರು ಒಳಗೆ ಬಿಡುತ್ತಿರಲಿಲ್ಲ. 1898ರಲ್ಲಿ ಶುರುವಾದ ರೈಲುದಾರಿ 1900ರಲ್ಲಿ ಮುಗಿಯುವ ಹೊತ್ತಿಗೆ ಹುಚ್ಚೇ ಇಳಿದಿತ್ತು. ಇಪ್ಪತ್ತು ಮೈಲಿಯಲ್ಲಿ ಹೆಚ್ಚುಕಮ್ಮಿ 3,000 ಅಡಿ ಏರುತ್ತದೆ. ಹಳಿಗಳ ನಡುವೆ ಮೂರೇ ಅಡಿ. ಮಾವ ಇಳಿದು ಹಳಿ ನೋಡಿ, "ನಮ್ಮ ಮೀಟರ್ ಗೇಜಿಗಿಂತ ಸಣ್ಣದು ಕಣಮ್ಮ" ಎಂದು ಮಗುವಿನ ಹಾಗೆ ನಕ್ಕರು. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಐವತ್ತೇಳು ಸುರಂಗಗಳ ಕಥೆಯನ್ನು ಎದುರು ಸೀಟಿನ ಟೆಕ್ಸಾಸ್ ದಂಪತಿಗೆ ಹೋಗುವಾಗ ಅರ್ಧ, ಬರುವಾಗ ಅರ್ಧ ಹೇಳಿದರು. ಹತ್ತುವಾಗ ಎಡಗಡೆ ಕೂರಿ, ಕಣಿವೆ ಆ ಕಡೆ.

ಕೆಚಿಕನ್ ನಮ್ಮ ಖಾಲಿ ಬಂದರು. ವರ್ಷಕ್ಕೆ ಸುಮಾರು 150 ಇಂಚು ಮಳೆಯ ಊರು. ಅದನ್ನೇ ಹೆಮ್ಮೆಯಿಂದ ಬಂದರಿನಲ್ಲಿ ಎತ್ತರದ ಅಳತೆಪಟ್ಟಿ ಮಾಡಿ ನಿಲ್ಲಿಸಿದ್ದಾರೆ, 1949ರ ದಾಖಲೆ 202.55 ಇಂಚು. ಅಮ್ಮನಿಗೆ ಅನುವಾದಿಸಿ ಹೇಳಿದೆ. "ಇಷ್ಟಕ್ಕೇ ಬೋರ್ಡು ಹಾಕಿದಾರಾ? ಆಗುಂಬೆಯವರು ಕೇಳಿದರೆ ನಗ್ತಾರೆ." ಆಗುಂಬೆಯ ಮಳೆ ಇದರ ಎರಡರಷ್ಟು, ತಪ್ಪೇನಿಲ್ಲ. ಕೊಡೆ ಹಿಡಿದು, ಮರದಲ್ಲಿ ಕೆತ್ತಿದ ಟೋಟೆಮ್ ಕಂಬಗಳನ್ನು ನೋಡುತ್ತಾ ನಿಧಾನ ಅಡ್ಡಾಡಿದೆವು. ಒಂದೆಡೆ ಗಾಜಿನ ಹಿಂದೆ ಸ್ಪ್ರೂಸ್ ಮರದ ಬೇರಿನಿಂದ ಹೆಣೆದ ಟ್ಲಿಂಗಿಟ್ ಟೋಪಿ ಇತ್ತು, ಹನಿ ಒಳಗಿಳಿಯದಷ್ಟು ಬಿಗಿಯಾದ ನೇಯ್ಗೆ. ಅಮ್ಮ ಬಹಳ ಹೊತ್ತು ನಿಂತಳು. ಗದ್ದೆ ನಾಟಿಯ ದಿನಗಳಲ್ಲಿ ಅಜ್ಜಿ ಹಾಕುತ್ತಿದ್ದ ಗೊರಬು ಹೇಗಿತ್ತು, ಯಾವ ಎಲೆ, ಯಾರು ಹೆಣೆಯುತ್ತಿದ್ದರು ಎಂದು ಮೊಮ್ಮಗಳಿಗೆ ಅಲ್ಲೇ ಹೇಳತೊಡಗಿದಳು. ನನಗೂ ಅದು ಗೊತ್ತಿರಲಿಲ್ಲ. ಏನಾದರೂ ಬುಕ್ ಮಾಡಿದ್ದರೆ ಅಷ್ಟು ಹೊತ್ತಿಗೆ ಯಾವುದೋ ಬಸ್ಸಿನಲ್ಲಿರುತ್ತಿದ್ದೆವು.

ಗಡಿಯಾರದ ಬಗ್ಗೆ ಒಂದು ಮಾತು: ಅಲಾಸ್ಕಾ ನಮಗಿಂತ ಒಂದು ಗಂಟೆ ಹಿಂದೆ. ಫೋನನ್ನಲ್ಲ, ಹಡಗಿನ ಸಮಯವನ್ನು ನಂಬಿ. ಹಡಗಿನವರೇ ಮಾರುವ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಹೊರಗಿನವರದು ಅಗ್ಗ, ಆದರೆ ತಡವಾದರೆ ನಿಮ್ಮ ಪಾಡು ನಿಮ್ಮದು.

ಬಟ್ಟೆಗೆ ಅಂತ ಸಾವಿರ ಡಾಲರ್ ಸುರಿಯಬೇಡಿ. ಒಳಗೆ ಥರ್ಮಲ್, ನಡುವೆ ಉಣ್ಣೆ, ಮೇಲೆ ನೀರು ಇಳಿಯದ ಜಾಕೆಟ್. ಜೀನ್ಸ್ ನೆನೆದರೆ ದಿನವಿಡೀ ಒಣಗುವುದಿಲ್ಲ. ಅಮ್ಮ ಕೊನೆಯವರೆಗೂ ಸೀರೆಯಲ್ಲೇ ಇದ್ದಳು. ಒಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಮಗಳ ಹಳೆಯ ಬೂಟು, ಸೆರಗಿನ ಮೇಲೆ ಇವರ ಜಾಕೆಟ್. ಈಗ ಅವೆಲ್ಲ, ಜೊತೆಗೆ ಎರಡು ದುರ್ಬೀನು, ಮಾವನ ಮಡಚುವ ಊರುಗೋಲು ನಮ್ಮ ಗ್ಯಾರೇಜಿನಲ್ಲಿ ಒಂದು ಡಬ್ಬದಲ್ಲಿವೆ. ಈ ಬೇಸಿಗೆ ಹೊರಡುವವರು ಯಾರಾದರೂ ಒಯ್ಯಬಹುದು. ಥರ್ಮಲ್ ಮಾತ್ರ ಒಗೆದು ಕೊಡಿ.