ಫಾರ್ವರ್ಡ್ ಮಾಡುವ ಮುನ್ನ ಲಿಂಕಿನ ಬಾಲ ಕತ್ತರಿಸಿ

ಸಂಪಾದಕರಿಗೆ,

ಒಟಿಪಿ ವಂಚನೆ, ನಕಲಿ ಆ್ಯಪ್‌ಗಳ ಬಗ್ಗೆ ಪತ್ರಿಕೆಗಳು ಆಗಾಗ ಎಚ್ಚರಿಸುತ್ತಲೇ ಇರುತ್ತವೆ. ಆದರೆ ದಿನಕ್ಕೆ ಹತ್ತಾರು ಸಲ ಒತ್ತಿ ತೆರೆಯುವ, ಇನ್ನೊಬ್ಬರಿಗೆ ಕಳಿಸುವ ಲಿಂಕುಗಳ ವಿಚಾರ ಯಾರ ಬಾಯಲ್ಲೂ ಬರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಒಂದು ಲಿಂಕನ್ನು ಕೊನೆಯವರೆಗೂ ನೋಡಿ. ಲೇಖನದ ವಿಳಾಸ ಮುಗಿದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅಲ್ಲಿಂದಾಚೆಗೆ ತಲೆಬುಡ ತಿಳಿಯದ ಅಕ್ಷರ, ಅಂಕಿಗಳ ಉದ್ದನೆಯ ಬಾಲ ಇರುತ್ತದೆ. ಬಹಳ ಸಲ ಪುಟ ತೆರೆಯಲು ಆ ಬಾಲದ ಅಗತ್ಯವೇ ಇಲ್ಲ. ಯಾವ ಕ್ಲಿಕ್ಕಿನಿಂದ ಈ ಓದುಗ ಬಂದ ಎಂದು ಗುರುತಿಡುವುದಕ್ಕಾಗಿ ಅದನ್ನು ಅಂಟಿಸಿರುತ್ತಾರೆ.

ಎಲ್ಲ ಬಾಲಗಳೂ ಒಂದೇ ಬಗೆಯವಲ್ಲ. ‘ಯುಟಿಎಂ’ ಎಂದು ಶುರುವಾಗುವವು ‘ಇದು ಫೇಸ್‌ಬುಕ್ ಜಾಹೀರಾತಿನಿಂದ ಬಂದದ್ದು’, ‘ಇದು ಇ–ಮೇಲ್‌ನಿಂದ ಬಂದದ್ದು’ ಎಂಬಷ್ಟನ್ನೇ ಸಾಮಾನ್ಯವಾಗಿ ಹೇಳುತ್ತವೆ. ಇವುಗಳಿಂದ ಅಪಾಯ ಕಡಿಮೆ. ಫೇಸ್‌ಬುಕ್ 2018ರಿಂದ ಹೊರಗಿನ ಲಿಂಕುಗಳಿಗೆ ಸೇರಿಸುತ್ತಿರುವ ‘ಎಫ್‌ಬಿಸಿಎಲ್‌ಐಡಿ’, ಗೂಗಲ್ ಜಾಹೀರಾತಿನ ‘ಜಿಸಿಎಲ್‌ಐಡಿ’ ಹಾಗಲ್ಲ. ಒಂದೊಂದು ಕ್ಲಿಕ್ಕಿಗೂ ಒಂದೊಂದು ಬೇರೆ ಗುರುತು. ನೀವು ಹೋಗಿ ಇಳಿಯುವ ತಾಣದಲ್ಲಿ ಫೇಸ್‌ಬುಕ್‌ನ ‘ಪಿಕ್ಸೆಲ್’ ಎಂಬ ಜಾಡು ಹಿಡಿಯುವ ಕೋಡ್ ಇದ್ದರೆ, ಅದು ಎಫ್‌ಬಿಸಿಎಲ್‌ಐಡಿ ಗುರುತನ್ನು ಅದೇ ತಾಣದ ಹೆಸರಿನಲ್ಲಿ ಕುಕೀಯಾಗಿ, ಅಂದರೆ ನಿಮ್ಮ ಬ್ರೌಸರ್‌ನಲ್ಲಿ ಉಳಿಯುವ ಚಿಕ್ಕ ಟಿಪ್ಪಣಿಯಾಗಿ, 90 ದಿನಗಳವರೆಗೆ ಇಟ್ಟುಕೊಳ್ಳಬಹುದು. ನಾವು ತೆರೆದ ತಾಣದ್ದಲ್ಲದ, ಮೂರನೆಯವರ ಕುಕೀಗಳನ್ನು ಸಫಾರಿ, ಫೈರ್‌ಫಾಕ್ಸ್ ತಡೆದ ಮೇಲೂ ಜಾಡು ಹಿಡಿಯುವುದು ನಿಲ್ಲಲಿಲ್ಲವೇಕೆ ಎಂದರೆ ಇದೇ ಕಾರಣ: ಗುರುತು ಕುಕೀಯಲ್ಲಿ ಬರದೆ ವಿಳಾಸದಲ್ಲೇ ಸವಾರಿ ಮಾಡಿಕೊಂಡು ಬರುತ್ತದೆ. ಇನ್‌ಕಾಗ್ನಿಟೊ ಕಿಟಕಿ ತೆರೆದು ಅದೇ ಲಿಂಕನ್ನು ಅಂಟಿಸಿದರೂ ಗುರುತು ಜೊತೆಗೇ ಹೋಗುತ್ತದೆ. ಸುದ್ದಿಪತ್ರದ ಇ–ಮೇಲ್‌ಗಳಲ್ಲಿ ಬರುವ ‘ಎಂಸಿ ಇಐಡಿ’ (mc_eid) ಇನ್ನೂ ನೇರ, ಅದು ಚಂದಾದಾರರ ಗುರುತು. ಅಂಥ ಲಿಂಕನ್ನು ಹಾಗೆಯೇ ಹತ್ತು ಜನಕ್ಕೆ ಕಳಿಸಿದರೆ, ಆ ಹತ್ತೂ ಜನ ತೆರೆದದ್ದು ನಿಮ್ಮ ಖಾತೆಯ ಲೆಕ್ಕಕ್ಕೆ ಸೇರಬಹುದು.

ಇದಕ್ಕೆ ಬ್ರೌಸರ್‌ಗಳಲ್ಲೇ ಮದ್ದಿದೆ. ಆದರೆ ಬಹುಮಟ್ಟಿಗೆ ಸೆಟ್ಟಿಂಗ್ಸ್ ಒಳಗೆ ಹುದುಗಿದೆ. ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಗೆ ಹೋಗಿ ‘ಎನ್‌ಹ್ಯಾನ್ಸ್ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್’ ಅನ್ನು ‘ಸ್ಟ್ರಿಕ್ಟ್’ಗೆ ಬದಲಿಸಬೇಕು. 2022ರ 102ನೇ ಆವೃತ್ತಿಯಿಂದ ಈ ಸ್ಥಿತಿಯಲ್ಲಿ ಗೊತ್ತಿರುವ ಕೆಲವು ಬಾಲಗಳನ್ನು ಅದು ತಾನೇ ಕಿತ್ತುಹಾಕುತ್ತದೆ. ಆ ಪಟ್ಟಿ ಚಿಕ್ಕದು, ಯುಟಿಎಂ ಅದರಲ್ಲಿಲ್ಲ. ಲಿಂಕ್ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬಾಲವಿಲ್ಲದ ಲಿಂಕನ್ನು ನಕಲಿಸುವ ಆಯ್ಕೆಯೂ ಸಿಗುತ್ತದೆ (ಹೊಸ ಆವೃತ್ತಿಗಳಲ್ಲಿ ಅದರ ಹೆಸರು ‘ಕಾಪಿ ಕ್ಲೀನ್ ಲಿಂಕ್’). ಬ್ರೇವ್ ಬ್ರೌಸರ್‌ನಲ್ಲಿಯೂ ಇಂಥ ಆಯ್ಕೆ ಇದೆ. ಐಫೋನ್‌ನವರು ಸಫಾರಿ ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್ಡ್’ ಒಳಗೆ ‘ಅಡ್ವಾನ್ಸ್ಡ್ ಟ್ರ್ಯಾಕಿಂಗ್ ಅಂಡ್ ಫಿಂಗರ್‌ಪ್ರಿಂಟಿಂಗ್ ಪ್ರೊಟೆಕ್ಷನ್’ ಹುಡುಕಿ ‘ಆಲ್ ಬ್ರೌಸಿಂಗ್’ ಎಂದು ಬದಲಿಸಬೇಕು. ಮುಟ್ಟದೆ ಬಿಟ್ಟರೆ ಅದು ಕೆಲವು ಆವೃತ್ತಿಗಳಲ್ಲಿ ಪ್ರೈವೇಟ್ ಕಿಟಕಿಗೆ ಮಾತ್ರ ಸೀಮಿತ. ಇದು ಐಒಎಸ್ 17ರಿಂದ ಇದೆ.

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು, ಅದರಲ್ಲಿ ಕ್ರೋಮ್. ಅಲ್ಲಿ ಇಂಥ ಸೌಲಭ್ಯವೂ ಇಲ್ಲ, ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಕಿರು ತಂತ್ರಾಂಶ) ಹಾಕಲೂ ಬರುವುದಿಲ್ಲ. ನನ್ನ ಸಲಹೆ ಆಂಡ್ರಾಯ್ಡ್‌ನ ಫೈರ್‌ಫಾಕ್ಸ್. ಅದಕ್ಕೆ ‘ಯುಬ್ಲಾಕ್ ಒರಿಜಿನ್’ ಎಂಬ ಎಕ್ಸ್‌ಟೆನ್ಷನ್ ಸೇರಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ‘ಫಿಲ್ಟರ್ ಲಿಸ್ಟ್ಸ್’ ತೆರೆದು, ‘ಪ್ರೈವಸಿ’ ವಿಭಾಗದಲ್ಲಿರುವ ‘ಯುಆರ್‌ಎಲ್ ಟ್ರ್ಯಾಕಿಂಗ್ ಪ್ರೊಟೆಕ್ಷನ್’ ಪಟ್ಟಿಗೆ ಟಿಕ್ ಹಾಕಿ ‘ಅಪ್ಲೈ ಚೇಂಜಸ್’ ಒತ್ತಬೇಕು. ಆ ಟಿಕ್ ಮೊದಲೇ ಬಿದ್ದಿರುವುದಿಲ್ಲ. ಯುಬ್ಲಾಕ್ ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ ಎಂದುಕೊಂಡವರು ಎಡವುವುದು ಇಲ್ಲೇ.

ಕ್ರೋಮ್ ಬಿಡಲಾಗದವರು ಕೈಯಾರೆ ಕತ್ತರಿಸಬೇಕು. ಪುಟ ತೆರೆದಾದ ಮೇಲೆ ಕತ್ತರಿಸಿದರೆ ನಿಮ್ಮ ಗುರುತು ಆಗಲೇ ತಲುಪಿಯಾಗಿರುತ್ತದೆ. ನಿಮ್ಮಿಂದ ಆ ಲಿಂಕ್ ಪಡೆಯುವವರಿಗೆ ಮಾತ್ರ ಉಪಯೋಗ. ನಿಮಗೂ ರಕ್ಷಣೆ ಬೇಕೆಂದರೆ ಲಿಂಕನ್ನು ಒತ್ತಿ ಹಿಡಿದು ನಕಲಿಸಿ, ಬ್ರೌಸರ್‌ನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಅಂಟಿಸಿ, ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದನ್ನು ಅಳಿಸಿ, ಆಮೇಲೆ ತೆರೆಯಿರಿ.

ಕಣ್ಣುಮುಚ್ಚಿ ಕತ್ತರಿಸಿದರೆ ಮಾತ್ರ ಕೆಲಸ ಕೆಡುತ್ತದೆ. ಯೂಟ್ಯೂಬ್‌ನ ಉದ್ದ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ‘ವಿ’ ಎಂಬುದೇ ವಿಡಿಯೊದ ಗುರುತು. ಅದು ಹೋದರೆ ವಿಡಿಯೊ ಸಿಗುವುದಿಲ್ಲ. ‘ಟಿ’ ಎಂಬುದು ಎಷ್ಟನೇ ಸೆಕೆಂಡಿನಿಂದ ಶುರುವಾಗಬೇಕೆಂದು ಹೇಳುತ್ತದೆ, ಅದೂ ಇರಲಿ. ಶೇರ್ ಗುಂಡಿ ಒತ್ತಿದಾಗ ಸೇರಿಕೊಳ್ಳುವ ‘ಎಸ್‌ಐ’ ಮಾತ್ರ ತೆಗೆಯಿರಿ. ಇನ್‌ಸ್ಟಾಗ್ರಾಂನ ‘ಐಜಿಎಸ್‌ಎಚ್’ ಕೂಡ ಹಂಚಿದವರ ಜಾಡೇ, ಅದನ್ನೂ ತೆಗೆಯಬಹುದು. ಅಮೆಜಾನ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಿಂತ ಮುಂಚೆಯೇ, ಓರೆಗೆರೆಯ (/) ಪಕ್ಕ ‘ರೆಫ್’ ಎಂದು ಬಾಲ ಶುರುವಾಗುತ್ತದೆ. ‘ಡಿಪಿ’ ಮತ್ತು ಅದರ ಮುಂದಿನ 10 ಅಕ್ಷರ ಉಳಿದರೆ ಸಾಕು. ಪಾಸ್‌ವರ್ಡ್ ಬದಲಿಸುವ, ಇ–ಮೇಲ್ ದೃಢಪಡಿಸುವ, ಹಣ ಪಾವತಿಸುವ ಲಿಂಕುಗಳನ್ನು ಮುಟ್ಟಲೇಬೇಡಿ. ಅಲ್ಲಿ ಬಾಲವೇ ಬೀಗದ ಕೈ. ಅದೇ ಕಾರಣಕ್ಕೆ ಅವನ್ನು ಯಾರಿಗೂ ಫಾರ್ವರ್ಡ್ ಮಾಡಲೂಬಾರದು.

ಈ ಕತ್ತರಿಗೆ ಸಿಗದ ಜಾಡುಗಳೂ ಇವೆ. ಟ್ವಿಟರ್‌ನ, ಅಂದರೆ ಈಗಿನ ಎಕ್ಸ್‌ನ, ‘ಟಿ ಡಾಟ್ ಸಿಒ’ದಂಥ ಕಿರುಲಿಂಕುಗಳು ಮೊದಲು ಆ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿ ದಾಖಲಾಗಿ, ನಂತರ ನಮ್ಮನ್ನು ಮುಂದಕ್ಕೆ ದಾಟಿಸುತ್ತವೆ. ಒಮ್ಮೆ ತೆರೆದು, ಕೊನೆಗೆ ತಲುಪಿದ ಪುಟದ ವಿಳಾಸವನ್ನು ಸ್ವಚ್ಛಗೊಳಿಸಿ ಕಳಿಸಿದರೆ ಪಡೆಯುವವರಾದರೂ ಆ ಸುತ್ತಿನಿಂದ ಪಾರಾಗುತ್ತಾರೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ. ಆ ಹಕ್ಕನ್ನು ಓದುಗರಿಗೆ ಉಳಿಸಿಕೊಡುವುದರಲ್ಲಿ ಕನ್ನಡದ ಸುದ್ದಿ ತಾಣಗಳ ಪಾಲೂ ಇದೆ. ಪುಟದ ಮೂಲ ವಿಳಾಸವನ್ನು ‘ಕೆನಾನಿಕಲ್’ ಎಂದು ಪುಟದ ಒಳಗಿನ ಎಚ್‌ಟಿಎಂಎಲ್ ಕೋಡ್‌ನಲ್ಲಿ ನಮೂದಿಸುವ ಪದ್ಧತಿ ಹಲವು ವರ್ಷಗಳಿಂದ ಇದೆ. ಹಂಚಿಕೆಯ ಗುಂಡಿ ಒತ್ತಿದಾಗ ಆ ವಿಳಾಸವೇ ನಕಲಾಗುವಂತೆ ಮಾಡಿದರೆ ಓದುಗರು ಕತ್ತರಿ ಹಿಡಿಯುವ ಪ್ರಮೇಯವೇ ಬರುವುದಿಲ್ಲ. ಇ–ಮೇಲ್ ಸುದ್ದಿಪತ್ರ ಎಷ್ಟು ಜನರನ್ನು ಕರೆತಂದಿತು ಎಂದು ಎಣಿಸಲು ಯುಟಿಎಂ ಸಾಕು, ಒಬ್ಬೊಬ್ಬ ಓದುಗರಿಗೂ ಒಂದೊಂದು ಗುರುತು ಅಂಟಿಸಬೇಕಿಲ್ಲ. ನಿಮ್ಮ ಪತ್ರಿಕೆಯೇ ಇದನ್ನು ಮೊದಲು ಮಾಡಲಿ ಎಂದು ಕೋರುತ್ತೇನೆ.

– ಒಬ್ಬ ಓದುಗ, ಶಿವಮೊಗ್ಗ