ಸುನ್ ವುಕೊಂಗ್‌ನ ಕಥೆ ಮಕ್ಕಳ ಪುಟದಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ‘ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಬಂದ ಚೀನೀ ಯಾತ್ರಿಕ ಯಾರು?’ ಎಂದರೆ ಇಡೀ ಕ್ಲಾಸು ‘ಹ್ಯೂಯೆನ್ ತ್ಸಾಂಗ್’ ಎಂದು ಕೂಗುತ್ತಿತ್ತು. ಒಂದು ಅಂಕ, ಅಲ್ಲಿಗೆ ಮುಗಿಯಿತು. ಆ ಮನುಷ್ಯ ಮರುಭೂಮಿ, ಹಿಮದ ಬೆಟ್ಟ ದಾಟಿ ಬಂದು, ನಳಂದದಲ್ಲಿ ಓದಿ, 645ರಲ್ಲಿ 657 ಗ್ರಂಥಗಳೊಂದಿಗೆ ಊರಿಗೆ ಮರಳಿದ. ಅವನ ಸುತ್ತ ಚೀನಾದ ಜನ ನೂರಾರು ವರ್ಷ ಕಥೆ ಕಟ್ಟುತ್ತಾ ಹೋದರು. ಅದೇ ‘ಪಶ್ಚಿಮದ ಯಾತ್ರೆ’ ಎಂಬ ನೂರು ಅಧ್ಯಾಯಗಳ ಕಾದಂಬರಿಯಾಯಿತು. ಸಿಕ್ಕಿರುವ ಅತಿ ಹಳೆಯ ಮುದ್ರಣ 1592ರದ್ದು. ಅವರಿಗೆ ಪಶ್ಚಿಮ ಅಂದರೆ ನಮ್ಮ ದೇಶ!

ಕಳೆದ ಜುಲೈನಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು. ಕರೆಂಟೂ ಇರಲಿಲ್ಲ. ಮೊಮ್ಮಗ ಬಚ್ಚಲ ಒಲೆಯ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದ. ಅವನಿಗೆ ಆ ಕಾದಂಬರಿಯ ಕೋತಿ ವೀರ ಸುನ್ ವುಕೊಂಗ್ ಗೊತ್ತು, ಆದರೆ ಕಂಪ್ಯೂಟರ್ ಆಟದಲ್ಲಿ ಕೋಲು ಬೀಸುವ ಕೋತಿಯಾಗಿ ಮಾತ್ರ. ಕಥೆ ಶುರು ಮಾಡಿದೆ. ‘ಅಜ್ಜಿ, ಇವನು ನಮ್ಮ ಹನುಮಂತನಾ?’ ಎಂದ. ಅಲ್ಲ ಮಗಾ, ಹನುಮಂತ ಸಿಟ್ಟಿಗೆ ಲಂಕೆ ಸುಟ್ಟರೂ ರಾಮನ ಬಂಟ. ಇವನು ಸ್ವರ್ಗಕ್ಕೇ ಸಮ ಎಂದು ಮೆರೆದು, ಐನೂರು ವರ್ಷ ಬೆಟ್ಟದಡಿ ಬಿದ್ದಿದ್ದವನು. ಬಿಡಿಸಿ ಯಾತ್ರೆಗೆ ಜೊತೆಯಲ್ಲಿ ಕರೆದೊಯ್ದ ಗುರು ಹ್ಯೂಯೆನ್ ತ್ಸಾಂಗನ ಮಾತೂ ಕೇಳುವುದಿಲ್ಲ. ಅದಕ್ಕೇ ಅವನ ತಲೆಗೊಂದು ಚಿನ್ನದ ಪಟ್ಟಿ. ಗುರು ಮಂತ್ರ ಹೇಳಿದರೆ ಸಾಕು, ಪಟ್ಟಿ ಬಿಗಿದು ನೆಲದ ಮೇಲೆ ಹೊರಳಾಡುತ್ತಾನೆ. ಯಾತ್ರೆ ಮುಗಿದು ಅವನೂ ಬುದ್ಧನಾದ ಮೇಲೆ, ಇನ್ನಾದರೂ ಇದನ್ನು ತೆಗೆಯಿರಿ ಎಂದು ಕೇಳುತ್ತಾನೆ. ಗುರು ತಲೆ ಮುಟ್ಟಿ ನೋಡಿಕೋ ಎನ್ನುತ್ತಾನೆ. ಪಟ್ಟಿ ಇರುವುದೇ ಇಲ್ಲ.

ಮೊಮ್ಮಗ ತನಗೆ ಗೊತ್ತಿಲ್ಲದೆಯೇ ತನ್ನ ತಲೆ ಮುಟ್ಟಿಕೊಂಡ. ಹಣೆಯ ಮೇಲೆ ಮಸಿಯ ಗೆರೆ ಎದ್ದಿತು. ಅಷ್ಟು ವರ್ಷದ ಪಾಠದಲ್ಲಿ ಹ್ಯೂಯೆನ್ ತ್ಸಾಂಗ್ ಯಾವ ಮಗುವಿಗೂ ಇಷ್ಟು ಹತ್ತಿರ ಬಂದದ್ದನ್ನು ನಾನು ನೋಡಿರಲಿಲ್ಲ.

ನಮ್ಮ ಊರಿನ ಗ್ರಂಥಾಲಯದಲ್ಲಿ ಈ ಕಥೆ ಕನ್ನಡದಲ್ಲಿ ಸಿಗಲಿಲ್ಲ. ದಯವಿಟ್ಟು ನಿಮ್ಮ ಮಕ್ಕಳ ಪುಟದಲ್ಲಿ ವಾರಕ್ಕೊಂದು ಕಂತು ಹಾಕಿ. ಹೊಡೆದಾಟ ಮಾತ್ರ ಉಳಿಸಿ ಮಿಕ್ಕಿದ್ದು ಕತ್ತರಿಸಬೇಡಿ. ಕಾಣಿಕೆ ಕೊಡಲಿಲ್ಲವೆಂದು ಬುದ್ಧನ ಶಿಷ್ಯರೇ ಖಾಲಿ ಗ್ರಂಥ ಕೊಟ್ಟು ಕಳಿಸುವ ಪ್ರಸಂಗವಂತೂ ಇರಲೇಬೇಕು. ಮಕ್ಕಳಿಗೆ ಅದೆಲ್ಲ ಅರ್ಥವಾಗುತ್ತದೆ. ಮುಂದಿನ ಮಳೆಗಾಲದೊಳಗೆ ಶುರುವಾದರೆ ಬಹಳ ಸಂತೋಷ.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು